ಮನೆ ಬಿಟ್ಟು ಹೋದವರ ನಕ್ಷೆ

ಬೀಳ್ಕೊಡುಗೆಯ ದಿನ ಮೇಡಂಗೆ ತೊಡಿಸಿದ ಮೈಸೂರು ಪೇಟ ಅವರ ತಲೆಗೆ ದೊಡ್ಡದಾಯಿತು. ಅದು ಹಣೆ ದಾಟಿ ಇಳಿದು ಕನ್ನಡಕದ ಮೇಲೆ ಕೂತಿತು. ಅವರು ಸರಿಮಾಡಿಕೊಳ್ಳಲಿಲ್ಲ. ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಪೇಟದ ಅಂಚಿನ ಕೆಳಗಿನಿಂದಲೇ ಸಭೆಯನ್ನು ನೋಡುತ್ತ ಕೂತಿದ್ದರು. ನಂಜನಗೂಡಿನ ಆ ಸಮುದಾಯ ಭವನದಲ್ಲಿ ಮಾತಾಡಿದವರೆಲ್ಲ ಕವಲಂದೆ ಕಡೆಯ ಒಂದೇ ಮನೆಯ ಕಥೆ ಹೇಳಿದರು. ಮೇಡಂ ಆ ಮನೆಯ ಮೂರು ತಲೆಮಾರನ್ನು ಒಂದು ಹಾಳೆಯ ಮೇಲೆ ಬರೆದು, ಅಲ್ಲಿನ ಗಂಡಸು ಮನೆ ಬಿಟ್ಟು ಹೋಗಲಿದ್ದಾನೆ ಎಂದು ಮುಂಚೆಯೇ ಕಂಡುಹಿಡಿದು, ಹೋಗದಂತೆ ತಡೆದರಂತೆ. ಒಬ್ಬರು ಇದನ್ನು ವಿಜ್ಞಾನ ಅಂದರು. ಇನ್ನೊಬ್ಬರು ದೈವದತ್ತ ಅಂದರು. ಮೂರನೆಯವರು ಎರಡೂ ಒಂದೇ ಎಂದು ರಾಜಿ ಮಾಡಿಸಿ ಚಪ್ಪಾಳೆ ಗಿಟ್ಟಿಸಿದರು.

ಮೇಡಂ ಬಳಿ ಕೆಲವು ವರ್ಷ ಸಹಾಯಕನಾಗಿದ್ದವನು ನಾನು. ಆ ಮನೆಯವರು ಬಂದಾಗ ಪಕ್ಕದಲ್ಲೇ ಕೂತಿದ್ದೆ. ನನಗೆ ನೆನಪಿರುವ ಮಟ್ಟಿಗೆ, ಆತ ಮನೆ ಬಿಡುವ ಪ್ರಸಂಗ ಹುಟ್ಟಿದ್ದೇ ಮೇಡಂ ಬರೆದ ಹಾಳೆಯಿಂದ. ಆದರೆ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಆಗ ದಿನಚರಿ ಬರೆಯುತ್ತಿದ್ದೆ. ಸಮಾರಂಭದಿಂದ ಮನೆಗೆ ಬಂದು ತೆಗೆದು ನೋಡಿದರೆ, ತಲೆಯಲ್ಲಿರುವುದಕ್ಕೂ ಅದರಲ್ಲಿರುವುದಕ್ಕೂ ಅಲ್ಲಲ್ಲಿ ತಾಳೆ ಬೀಳುವುದಿಲ್ಲ. ಎಲ್ಲಿ ಬೀಳುವುದಿಲ್ಲವೋ ಅಲ್ಲಿ ಹೇಳಿಬಿಡುತ್ತೇನೆ.

ಮೇಡಂ ಹೆಸರು ಬರೆಯುವುದಿಲ್ಲ. ಅದೇನು ಗುಟ್ಟಲ್ಲ. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನೇ ನಾನು ಕೇಳಿಲ್ಲ. ಪೇಟೆಯವರಿಗೆ ಅವರು ಕೌನ್ಸೆಲಿಂಗ್ ಮೇಡಂ. ಹಳ್ಳಿಗಳಿಂದ ಬರುವವರಿಗೆ ‘ಚೌಕದ ಮೇಡಮ್ನೋರು’.

ಬಜಾರಿನ ಒಂದು ಮೆಡಿಕಲ್ ಸ್ಟೋರಿನ ಮೇಲೆ ಅವರ ಕೋಣೆ. ಬಂದವರಿಗೆ ಮೂರು ಕುರ್ಚಿ: ಒಂದು ಕಬ್ಬಿಣದ್ದು, ಒಂದು ಪ್ಲಾಸ್ಟಿಕ್ಕಿನದು, ಒಂದು ಬೆತ್ತದ್ದು. ಯಾರು ಯಾವುದರಲ್ಲಿ ಕೂರುತ್ತಾರೆ ಎಂದು ನೋಡುವುದು ಅವರ ಮೊದಲ ಕೆಲಸ. ಬೆತ್ತದ ಕುರ್ಚಿ ಹಿಡಿದವರ ಮಾತೇ ಮನೆಯಲ್ಲಿ ನಡೆಯುತ್ತದೆ ಎಂದು ಅವರ ಸಿದ್ಧಾಂತ. ಆ ಕುರ್ಚಿ ಫ್ಯಾನಿನ ನೇರ ಕೆಳಗಿದೆ, ಅಷ್ಟೆ, ಎಂದು ನಾನೊಮ್ಮೆ ಹೇಳಿದೆ. ‘ಅದಕ್ಕೇ ಅಲ್ವೇನಯ್ಯ, ಮಾತು ನಡೆಯೋರಿಗೆ ಗಾಳಿನೂ ಬೇಕು’ ಅಂದರು. ಹೀಗೆ ಅವರ ಸಿದ್ಧಾಂತಗಳು ಯಾವತ್ತೂ ಸೋಲುತ್ತಿರಲಿಲ್ಲ.

ಕೆಲಸ ಕೇಳಿಕೊಂಡು ಹೋದ ದಿನ ನಾನು ಮನಃಶಾಸ್ತ್ರದ ಎಂ.ಎ. ಅಂಕಪಟ್ಟಿಗಳ ಫೈಲು ಹಿಡಿದುಕೊಂಡಿದ್ದೆ. ಅವರು ಅದನ್ನು ಬಿಚ್ಚಲಿಲ್ಲ. ಬ್ಲೇಡಿನಿಂದ ಪೆನ್ಸಿಲ್ ಹೆರೆದು, ಹಾಳೆಯ ಕೆಳಗೊಂದು ಚೌಕ ಬರೆದರು. ಅದು ನಾನು. ಅದರ ಮೇಲೆ ಅಪ್ಪನಿಗೆ ಚೌಕ, ಅಮ್ಮನಿಗೆ ವೃತ್ತ. ಅವರ ಮೇಲೆ ಅಜ್ಜ ಅಜ್ಜಿಯರು. ತೀರಿಕೊಂಡವರ ಮೇಲೆ ಅಡ್ಡಗೀಟು. ಜೀನೋಗ್ರಾಂ ಅನ್ನುವುದು ಇದನ್ನೇ. ಗಂಡಸು ಚೌಕ, ಹೆಂಗಸು ವೃತ್ತ, ನಡುವೆ ಸಂಬಂಧಕ್ಕೊಂದು ಗೆರೆ, ಸಂಬಂಧ ಕಡಿದಿದ್ದರೆ ಆ ಗೆರೆಯನ್ನು ಕತ್ತರಿಸುವ ಎರಡು ಚಿಕ್ಕ ಗೀಟು. ಪುಸ್ತಕದಲ್ಲಿ ಓದಿದ್ದೆ. ನನ್ನದನ್ನು ಯಾರೂ ಬರೆದಿರಲಿಲ್ಲ.

‘ತಂದೆಯ ತಾಯಿ ಹೆಸರು?’ ಅಂದರು.

‘ಅಜ್ಜಿ’ ಅಂದೆ.

‘ಹೆಸರಪ್ಪಾ.’

ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಆಕೆಯ ಪಕ್ಕದಲ್ಲಿ ಮಲಗಿದ್ದವನಿಗೆ ಗೊತ್ತಿರಲಿಲ್ಲ. ಮೇಡಂ ಆ ವೃತ್ತವನ್ನು ಖಾಲಿ ಬಿಟ್ಟು, ತಿಳಿದುಕೊಂಡು ಬಂದಮೇಲೆ ಕೆಲಸದ ಮಾತು ಅಂದರು. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ, ನಾವೆಲ್ಲ ಅವ್ವ ಅಂತಲೇ ಕರೆಯುತ್ತಿದ್ದೆವು ಅಂದರು. ಕೊನೆಗೆ ದೊಡ್ಡತ್ತೆಗೆ ಫೋನು ಮಾಡಿ ತಿಳಿದುಕೊಂಡರು. ಆ ಹೆಸರು ವೃತ್ತದೊಳಗೆ ಹೋದಮೇಲೆ ನನಗೆ ಕೆಲಸವಾಯಿತು.

ಮೇಡಂ ದೇವಸ್ಥಾನದ ಕಡೆಯ ಮನೆತನದವರು. ಅಪ್ಪ ಜಾತಕ ಬರೆಯುತ್ತಿದ್ದರು. ಬೆಳಗಾದರೆ ಜಗುಲಿಯ ಮೇಲೆ ಜನ, ‘ಪರಿಹಾರ ಏನು ಸ್ವಾಮಿ’ ಎನ್ನುವ ಪ್ರಶ್ನೆ. ಆ ಪ್ರಶ್ನೆಯಿಂದ ಓಡಿಹೋಗಲೆಂದೇ ಮನಃಶಾಸ್ತ್ರ ಓದಿದೆ ಎಂದು ಅವರು ಹೇಳುತ್ತಿದ್ದರು. ಓಡಿ ಎಷ್ಟು ದೂರ ಬಂದೆ ಅನ್ನುವುದರ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ. ‘ನಮ್ಮಪ್ಪ ಎಲ್ಲಾನೂ ಗ್ರಹಗಳ ಮೇಲೆ ಹಾಕ್ತಿದ್ರು. ನಾನು ತಾತಂದಿರ ಮೇಲೆ ಹಾಕ್ತೀನಿ’ ಅನ್ನುತ್ತಿದ್ದರು.

ಈ ವಿದ್ಯೆಯ ತರಬೇತಿಗೆ ಬೆಂಗಳೂರಿಗೆ ಹೋಗಿದ್ದರಂತೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ನಕ್ಷೆ ಬರೆಯಬೇಕಿತ್ತು. ಮೇಡಂ ಅವರ ತಾಯಿಯನ್ನು ಕೊಟ್ಟದ್ದು ತಾಯಿಯ ಸೋದರಮಾವನಿಗೇ. ಹಾಗಾಗಿ ಅವರ ಅಜ್ಜಿಯೇ ಅವರಿಗೆ ಸೋದರತ್ತೆಯೂ ಹೌದು. ಎರಡನೇ ತಲೆಮಾರಿನಿಂದ ಹೊರಟ ಗೆರೆ ಕೆಳಗಿಳಿದು, ಸುತ್ತು ಹಾಕಿ, ಮತ್ತೆ ಮೇಲಕ್ಕೇ ಹೋಗಿ ಸೇರಿತು. ತರಬೇತುದಾರರು ನೋಡಿ, ಇದು ತಪ್ಪಾಗಿದೆ, ಮತ್ತೆ ಬರೆಯಿರಿ ಅಂದರು. ‘ತಪ್ಪಿದ್ರೆ ನಂದಲ್ಲ ಸರ್, ನಮ್ಮ ಅಜ್ಜೀದು’ ಎಂದು ಮೇಡಂ ಹಾಳೆ ವಾಪಸು ಇಸಿದುಕೊಂಡರಂತೆ. ಈ ಕಥೆಯನ್ನು ಅವರು ಹೇಳುವಾಗಲೆಲ್ಲ ತರಬೇತುದಾರರು ಸ್ವಲ್ಪ ಹೆಚ್ಚು ದಡ್ಡರಾಗುತ್ತಿದ್ದರು.

ಗುರುವಾರ ನಾವಿಬ್ಬರೂ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಹೋಗುತ್ತಿದ್ದೆವು. ಅಲ್ಲೊಬ್ಬ ಡಾಕ್ಟರು ತಮ್ಮ ಕ್ಲಿನಿಕ್ಕಿನ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಸೊಸೆಯ ದೂರು ಹೇಳಲು ಬಂದ ಒಬ್ಬ ರೈತ, ಮೇಡಂ ತನ್ನ ತಾತ ಮುತ್ತಾತಂದಿರನ್ನೆಲ್ಲ ಕೇಳಿ ಬರೆಯುವುದನ್ನು ನೋಡಿ ನನ್ನ ಕಡೆ ವಾಲಿಕೊಂಡ. ಸುಗ್ಗಿಯಾದ ಮೇಲೆ ಮನೆಮನೆಗೆ ಬಂದು ವಂಶ ಹೊಗಳುವ ಹೆಳವರು ಅವರ ಊರಿಗೂ ಬರುತ್ತಾರೆ. ‘ಹೆಳವ ನಮ್ ತಾತನ ಒಳ್ಳೇದ ಹೇಳ್ಬುಟ್ಟು ರಾಗಿ ಇಸ್ಕಂಡೋಯ್ತನೆ ಸಾ. ಈಯಮ್ಮ ಕೆಟ್ಟದ್ದ ಕೇಳ್ಬುಟ್ಟು ಅವ್ರೇ ಟೀ ಕುಡಿಸ್ತರೆ. ಇದ್ರಲ್ಲಿ ಏನ್ ಗಿಟ್ಟುತ್ತೆ ಇವ್ರಿಗೆ?’ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ಇನ್ನು ಆ ಕವಲಂದೆ ಕಡೆಯ ಮನೆ. ಊರ ಹೆಸರು ಬೇಡ. ಬರೆಯಲೇ ಎಂದು ಮೊನ್ನೆ ಆ ಮನೆಯ ಗಂಡಸನ್ನೇ ಕೇಳಿದೆ. ‘ಬರೀರಿ ಸಾ. ಬೇಕಾದ್ರೆ ನಮ್ ಹಸಗಳ ಹೆಸ್ರು ಹಾಕಿ. ನಮ್ದು ಬ್ಯಾಡ’ ಅಂದ.

ಆತನನ್ನು ಕರೆತಂದದ್ದು ಹೆಂಡತಿ. ಜೊತೆಗೆ ಆತನ ತಾಯಿ ಬಂದಿದ್ದರು. ಬೆತ್ತದ ಕುರ್ಚಿ ಅವರದಾಯಿತು. ದೂರು ಇಷ್ಟೇ: ಆತ ಮನೆಯಲ್ಲಿ ಮಾತಾಡುವುದಿಲ್ಲ. ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದು, ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಕೂತುಬಿಡುತ್ತಾನೆ. ಮೇಡಂ ಹಾಳೆ ತೆಗೆದು ತಾಯಿಯನ್ನು ಕೇಳತೊಡಗಿದರು.

‘ನಿಮ್ಮ ಯಜಮಾನರು?’

‘ಮನೆ ಬುಟ್ಟೋದ್ರು.’

‘ಅವರ ತಂದೆ?’

‘ಅವ್ರೂವೆ ಬುಟ್ಟೋದ್ರಂತೆ. ನಮ್ಮತ್ತೆ ಹೇಳೋರು.’

‘ಆಗ ಅವರಿಗೆಲ್ಲ ಎಷ್ಟು ವಯಸ್ಸು?’

‘ವಯಸ್ಸ ಯಾರ್ ಬರ್ದು ಮಡಗಿದ್ರು? ಇಬ್ರುಗೂ ಮೀಸೆ ಹಣ್ಣಾಗಿರ್ನಿಲ್ಲ.’

ಮೇಡಂ ಎರಡು ಚೌಕಗಳ ಪಕ್ಕದಲ್ಲೂ ನಲವತ್ತು ಎಂದು ಬರೆದು, ಮುಂದೊಂದು ಪ್ರಶ್ನೆಯ ಗುರುತು ಹಾಕಿದರು. ಆಮೇಲೆ ಮಗನ ವಯಸ್ಸು ಕೇಳಿದರು. ಮೂವತ್ತೊಂಬತ್ತು, ಶಿವರಾತ್ರಿಗೆ ನಲವತ್ತು ತುಂಬುತ್ತದೆ ಎಂದು ಹೆಂಡತಿ ಹೇಳಿದಳು. ಮೇಡಂ ಪೆನ್ಸಿಲ್ ನಿಲ್ಲಿಸಿ ‘ಓ’ ಅಂದರು.

ಇಲ್ಲೇ ನನ್ನ ಗೊಂದಲ. ಆ ‘ಓ’ ನನ್ನ ಕಿವಿಯಲ್ಲಿ ಇನ್ನೂ ಇದೆ. ದಿನಚರಿಯಲ್ಲಿ ‘ಮೇಡಂ ಏನೂ ಹೇಳಲಿಲ್ಲ’ ಎಂದಿದೆ. ಬರೆದದ್ದು ಅದೇ ಸಂಜೆ. ಹೇಳಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲವೋ, ಆಮೇಲೆ ನಡೆದದ್ದಕ್ಕೆ ಒಂದು ಆರಂಭ ಬೇಕೆಂದು ನನ್ನ ತಲೆಯೇ ಅದನ್ನು ಹುಟ್ಟಿಸಿಕೊಂಡಿತೋ. ಹೆಂಡತಿಯಂತೂ ಏನನ್ನೋ ಕೇಳಿಸಿಕೊಂಡಳು, ಅಥವಾ ನೋಡಿದಳು. ಹೊರಡುವಾಗ ಆ ಹಾಳೆಯ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದಳು. ಅವರ ಮನೆಯ ನಕ್ಷೆ ಅವರದೇ ಎಂದು ಮೇಡಂ ಒಪ್ಪಿದರು. ಆಕೆಯ ಮೊಬೈಲಿನ ಫೋಟೊದಲ್ಲಿ ಗೆರೆಗಳು ಬಂದವು, ನಲವತ್ತೂ ಬಂತು. ತೆಳ್ಳಗೆ ಹಾಕಿದ್ದ ಪ್ರಶ್ನೆಯ ಗುರುತು ಬರಲಿಲ್ಲ.

ಮುಂದಿನ ಸಲ ಬರುವಾಗ ಹೆಂಡತಿಯ ಅಣ್ಣನೂ ಕಾವಲಿಗೆ ಬಂದಿದ್ದ. ಫೋಟೊ ನೆಂಟರ ವಾಟ್ಸಾಪ್ ಗುಂಪಿಗೆ ಹೋಗಿ, ಮೂರನೇ ತಲೆಗೂ ತಪ್ಪುವುದಿಲ್ಲ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟಾಗಿತ್ತು. ಆತನ ಆಧಾರ್ ಕಾರ್ಡು ಹೆಂಡತಿಯ ಪರ್ಸಿನಲ್ಲಿ. ಆತನನ್ನು ಬೈಕಿನಲ್ಲಿ ಹತ್ತಿಸಿಕೊಳ್ಳಬಾರದು ಎಂದು ಊರಿಗೇ ಹೇಳಿಟ್ಟಿದ್ದಾಳೆ. ಇದನ್ನೆಲ್ಲ ವರದಿ ಒಪ್ಪಿಸಿ, ಕೈಮುಗಿದು ಆಕೆ ಕೇಳಿದಳು: ‘ಇದ್ಕೆ ಪರಿಹಾರ ಏನ್ ಮೇಡಮ್ನೋರೆ?’

ಮೇಡಂ ಮುಖ ಬಾಡಿತು. ಇದು ಭವಿಷ್ಯವಲ್ಲ, ಬರೀ ಊಹೆ, ಹಿಂದಿನವರು ಮಾಡಿದ್ದನ್ನು ಇವರು ಮಾಡಲೇಬೇಕೆಂದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು, ಡಾಕ್ಟರು ರೋಗಿಯ ಎದುರಿಗೆ ಏನಿಲ್ಲ ಏನಿಲ್ಲ ಅಂದಾಗ ನೆಂಟರು ತಲೆಯಾಡಿಸುವಂತೆ. ಆಗ ಆತ ಮೊದಲ ಸಲ ಬಾಯಿಬಿಟ್ಟ.

‘ನಾನೇನ್ ತಕರಾರ್ ಮಾಡಲ್ಲ ಮೇಡಮ್ನೋರೆ. ಹೋಗೋದೇ ಆದ್ರೆ ಶಿವರಾತ್ರಿ ಒಳಗೆ ಎಲ್ಡು ಹಸ ಮಾರ್ಬುಟ್ಟು ಹೋಯ್ತೀನಿ. ಇವಳೊಬ್ಬಳ ಕೈಲಿ ನಾಕ ಕರೆಯಕಾಗಲ್ಲ.’

‘ಎಲ್ಲಿಗೆ ಹೋಗ್ತೀಯಪ್ಪಾ?’ ಅಂದರು ಮೇಡಂ.

‘ಅದ ನೀವೇ ಹೇಳ್ಬೇಕು.’

ನನಗೆ ನಗು ಬಂತು. ನಗಲಿಲ್ಲ ಎಂದು ದಿನಚರಿ ಹೇಳುತ್ತದೆ. ಆತ ತಮಾಷೆ ಮಾಡುತ್ತಿರಲಿಲ್ಲ. ಪಂಪಿನ ಸ್ಟಾರ್ಟರ್ ಹಾಕುವುದನ್ನು ಹೆಂಡತಿಗೆ ಕಲಿಸಿದ್ದ. ಯಾವ ಹಸು ಒದೆಯುತ್ತದೆ, ಯಾವುದಕ್ಕೆ ಹಿಂಡಿ ಜಾಸ್ತಿ ಬೇಕು ಎಂದು ಆರನೇ ಕ್ಲಾಸಿನ ಮಗಳಿಗೆ ಪಾಠ ಮಾಡಿದ್ದ. ಹೋಗುವ ಆಸೆ ಆತನಿಗೆ ಒಂದಿಷ್ಟೂ ಇರಲಿಲ್ಲ. ಸರ್ಕಾರಿ ನೌಕರ ವರ್ಗಾವಣೆಯ ಆದೇಶಕ್ಕೆ ಸಿದ್ಧನಾಗುವಂತೆ ಸಿದ್ಧನಾಗುತ್ತಿದ್ದ, ಅಷ್ಟೆ. ಮುಂದಿನ ವಾರ ಒಂದು ಹಸು ಮಾರಿದ ಸುದ್ದಿ ಬಂತು.

ಆ ದಿನ ಮೇಡಂ ಟೀ ಮುಟ್ಟಲಿಲ್ಲ. ಪುಸ್ತಕದ ಪ್ರಕಾರ ಇಂಥ ಸಂದರ್ಭದಲ್ಲಿ ಮತ್ತೊಮ್ಮೆ ತಿಳಿಹೇಳಬೇಕು ಎಂದೇನೋ ನಾನು ಶುರುಮಾಡಿದೆ.

‘ನಮ್ಮಪ್ಪನ ಜಗುಲಿ ಬೇಡ ಅಂತ ಇಷ್ಟು ಮೆಟ್ಟಲು ಹತ್ತಿ ಬಂದೆ ಕಣಯ್ಯ’ ಅಂದರು. ‘ಆ ಜಗುಲಿ ನನಗಿಂತ ಮುಂಚೆ ಬಂದು ಇಲ್ಲಿ ಕೂತಿದೆ. ನಮ್ಮಪ್ಪ ಹೇಳಿದ್ದು ಸುಳ್ಳಾದ್ರೂ ಯಾರೂ ಹಸ ಮಾರ್ತಿರಲಿಲ್ಲ. ಈ ಮನುಷ್ಯ ಶಿವರಾತ್ರಿಗೆ ಎದ್ದು ಹೋದ್ರೆ ಅವನನ್ನ ಕಳಿಸಿದೋಳು ನಾನು.’

ಆಮೇಲೆ ಅವರು ತಿಳಿಹೇಳುವುದನ್ನು ಬಿಟ್ಟು ವಿಚಾರಿಸುವುದಕ್ಕೆ ಇಳಿದರು. ಆತನ ತಾಯಿಗೆ ಫೋನು ಮಾಡಿ, ಮಾವನವರು ಬಿಟ್ಟು ಹೋದದ್ದು ಎಲ್ಲಿಗೆ ಎಂದು ಕೇಳಿದರು. ನರಸೀಪುರದ ಹತ್ತಿರ ಅವರ ಅಕ್ಕನ ಮನೆ ಇತ್ತಂತೆ ಎಂದಿತು ಆ ಕಡೆಯ ಧ್ವನಿ. ಅಷ್ಟು ಸಾಕಾಯಿತು. ನಮ್ಮ ಕಡೆ ಒಂದು ಮನೆತನದ ಹೆಸರು ಸಿಕ್ಕರೆ ಮುದುಕಿಯರು ಬಾಕಿಯದನ್ನು ಹೊರಗೆಳೆಯುತ್ತಾರೆ. ಕ್ಲಿನಿಕ್ಕಿಗೆ ಸಕ್ಕರೆ ಕಾಯಿಲೆ ತೋರಿಸಲು ಬಂದ ಅಜ್ಜಿಯರನ್ನೆಲ್ಲ ಮೇಡಂ ವಿಚಾರಿಸಿದರು. ಆ ಅಕ್ಕನ ಮಗಳು ಇನ್ನೂ ಇದ್ದಾರೆ, ಎರಡು ಹೊಳೆ ಸೇರುವ ಕಡೆಗೆ ಹೋಗುವ ದಾರಿಯಲ್ಲೇ ಮನೆ ಎಂದು ಗೊತ್ತಾಯಿತು.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಗುರುವಾರ ನಾವೆಲ್ಲ ಹೋದೆವು: ಮೇಡಂ, ನಾನು, ಆತ, ಹೆಂಡತಿ, ತಾಯಿ. ಬಸ್ಸಿನಲ್ಲಿ ಹೆಂಡತಿ ಆತನ ಅಂಗಿಯ ತುದಿ ಹಿಡಿದುಕೊಂಡೇ ಕೂತಿದ್ದಳು. ಆತ ಕಿಟಕಿಯಿಂದ, ತಾನು ಮುಂದೆ ಇರಬೇಕಾದ ಊರು ಇದೇ ಇರಬಹುದೇ ಎನ್ನುವಂತೆ ಪ್ರತಿ ಊರನ್ನೂ ನೋಡುತ್ತಿದ್ದ.

ಆ ಅಕ್ಕನ ಮಗಳು ಈಗ ಹಣ್ಣುಹಣ್ಣು ಅಜ್ಜಿ, ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಮಂಜು, ಕಿವಿ ಚುರುಕು. ಆತ ಯಾರ ಮೊಮ್ಮಗ ಎಂದು ಹೇಳಿದ್ದಕ್ಕೆ ಹತ್ತಿರ ಕರೆದು ಮುಖ ಸವರಿದರು. ನಿಮ್ಮ ಮಾವ ಮನೆ ಬಿಟ್ಟು ಇಲ್ಲಿಗೆ ಬಂದರಂತಲ್ಲ ಎಂದು ಮೇಡಂ ಕೇಳಿದಾಗ ಅವರ ಕೈ ನಿಂತಿತು.

‘ಬುಟ್ಟು ಬಂದ್ನಾ? ಹಂಗಂದೋರ್ ಯಾರು?’

ಅಜ್ಜಿ ಹೇಳಿದ್ದನ್ನು ಚಿಕ್ಕದು ಮಾಡಿ ಬರೆಯುತ್ತೇನೆ. ಅವರಪ್ಪ ತೀರಿಕೊಂಡಾಗ ಅವರೆಲ್ಲ ಚಿಕ್ಕ ಮಕ್ಕಳು. ಗದ್ದೆ ನೋಡುವವರಿಲ್ಲ. ಮಾವ ಅಕ್ಕನಿಗೆ ಆಸರೆಯಾಗಲು ಬಂದು ಉಳುಮೆ ಹಿಡಿದ. ಅಮಾವಾಸ್ಯೆಗೆಲ್ಲ ಭತ್ತದ ಗಂಟು ಹೊತ್ತು ತನ್ನ ಮನೆಗೆ ಹೋಗಿ ಬರುತ್ತಿದ್ದ. ಅಲ್ಲಿ ಹೆಂಡತಿಗೆ, ಗಂಡ ಎರಡು ಮನೆ ಮಾಡಿಕೊಂಡ ಎಂದು ಸಿಟ್ಟು.

‘ಒಂದ್ ಅಮಾಸೇಲಿ ಹೋದೋನು ಗಂಟ ತಿರ್ಗ ಹೊತ್ಕ ಬಂದ. ಬಾಗ್ಲು ತೆಗಿನಿಲ್ವಂತೆ. ಅಕ್ಕನ ಮನೇಲೆ ಇರೋಗು ಅಂದ್ಲಂತೆ ಒಳಗಿಂದ. ಬುಟ್ಟು ಬಂದ ಅಂತರೆ! ಸಾಯೋಗಂಟ ಅಮಾಸೆ ಬಂದ್ರೆ ಕವಲಂದೆ ದಿಕ್ಕ ನೋಡ್ಕ ಕೂತಿರನು.’

ಆತನಿಗೆ ಮಾತ್ರ ಬೇರೆ ಚಿಂತೆ. ಆಗ ತಾತನಿಗೆ ಎಷ್ಟು ವಯಸ್ಸಿತ್ತು ಎಂದು ಕೇಳಿದ. ಅಜ್ಜಿ ಮತ್ತೊಮ್ಮೆ ಆತನ ಕೆನ್ನೆ ಸವರಿ ನೋಡಿದರು. ‘ನಿನಗಿಂತ ಎಳೇನು ಕನಪ್ಪ. ಬಾಳ ಎಳೇನು.’ ಆತ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬಿಟ್ಟು ಹೋಗುವ ವಯಸ್ಸು ತನಗೆ ಗೊತ್ತಿಲ್ಲದ ಹಾಗೆ ಎಂದೋ ದಾಟಿಹೋಗಿದೆ ಎಂದು ಆತನಿಗೆ ಆಗ ತಾನೇ ತಿಳಿದಿತ್ತು.

ಹಿಂತಿರುಗುವಾಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ನಂಜನಗೂಡಿನ ಬಸ್ಸು ಇನ್ನೂ ಬಂದಿರಲಿಲ್ಲ. ಬೆಳಗಿನಿಂದ ಬಾಯಿ ಬಿಡದಿದ್ದ ತಾಯಿ, ಯಾರ ಕಡೆಗೂ ನೋಡದೆ ಹೇಳಿದರು:

‘ನಾನೂ ತೆಗಿನಿಲ್ಲ.’

ಮೇಡಂಗೆ ಮಾತು ತುಂಬಾ ಬರುತ್ತಿತ್ತು. ಎಲ್ಲಿ ಬೇಡ ಎನ್ನುವುದೂ ಗೊತ್ತಿತ್ತು. ತಾಯಿ ತಾವಾಗಿಯೇ ಹೇಳಿಕೊಂಡರು. ಗಂಡನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ ಹೋಗಿತ್ತು. ಕುಡಿತ ಶುರುವಾಗಿತ್ತು. ಒಂದು ಸಂಜೆ ತೂರಾಡುತ್ತ ಬಂದಾಗ, ತೆಗೆಯಬೇಡ, ಬುದ್ಧಿ ಬರಲಿ ಎಂದು ಅತ್ತೆ ಒಳಗಿನಿಂದ ಹೇಳಿದರು. ಅಗುಳಿ ಹಾಕಿದವರು ಇವರೇ. ಗಂಡ ಒಂದೆರಡು ಸಲ ಕರೆದು, ಹೋದರು. ಮತ್ತೆ ಬರಲಿಲ್ಲ. ಬೆಳಿಗ್ಗೆ ನೀರಿಗೆ ಹೋದಾಗ ಎಲ್ಲರೂ ಕೇಳಿದರು.

‘ಏನಂತ ಹೇಳ್ಲಿ? ಬುಟ್ಟೋದ್ರು ಅಂದೆ. ಆ ಮಾತು ಮನೇಲಿ ಇತ್ತು. ಅದನ್ನೇ ಹೇಳ್ದೆ.’

ಮಗ ನೆಲ ನೋಡುತ್ತಿದ್ದ. ಸೊಸೆ ಅತ್ತೆಯನ್ನೇ ನೋಡುತ್ತಿದ್ದಳು. ಆಮೇಲೆ ಅವಳು ಪರ್ಸು ಬಿಚ್ಚಿ, ಆಧಾರ್ ಕಾರ್ಡು ತೆಗೆದು, ಗಂಡನ ಅಂಗಿಯ ಜೇಬಿಗೆ ಹಾಕಿದಳು. ‘ಮಡಿಕ’ ಅಂದಳು. ಬಸ್ಸು ಬಂದಾಗ ಆತ ತಾನೇ ಮುಂದಾಗಿ ಹತ್ತಿ ಎಲ್ಲರಿಗೂ ಸೀಟು ಹಿಡಿದ.

ಮರುದಿನ ಕೋಣೆಯಲ್ಲಿ ಮೇಡಂ ಆ ಹಳೆಯ ಹಾಳೆ ತೆಗೆದು ನಲವತ್ತುಗಳನ್ನು ರಬ್ಬರಿನಿಂದ ಉಜ್ಜಿದರು. ಆಮೇಲೆ ಆತನ ಸ್ವಂತ ಅಜ್ಜಿಯ ವೃತ್ತದಿಂದ ಸೊಸೆಯ ವೃತ್ತಕ್ಕೆ, ಅಲ್ಲಿಂದ ಮುಂದಿನ ಸೊಸೆಯ ವೃತ್ತಕ್ಕೆ, ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ನಿಲ್ಲುವಂತೆ, ಒಂದು ಗೆರೆ ಎಳೆದರು. ಈ ಮೂವರಲ್ಲಿ ರಕ್ತಸಂಬಂಧವಿಲ್ಲ, ಪುಸ್ತಕದಲ್ಲಿ ಇಂಥ ಗೆರೆಯೇ ಇಲ್ಲ ಎಂದೆ. ‘ಗಂಡಸರು ಹೋದ ದಾರಿ ಬರೆಯೋಕೆ ಹೋಗಿ ಕೆಟ್ಟೆ. ಇದು ಮಾತು ಬಂದ ದಾರಿ’ ಅಂದರು. ಒಂದು ನಿಮಿಷ ತಮ್ಮ ಕೆಲಸ ನೋಡಿಕೊಂಡು, ಇದನ್ನು ಮಾತ್ರ ಯಾರೂ ಫೋಟೊ ತೆಗೆಯಬಾರದು ಎಂದು ಬೀರುವಿನೊಳಗೆ ಇಟ್ಟರು.

ಶಿವರಾತ್ರಿ ಕಳೆದ ಮೇಲೆ ಆತ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೋದ. ಹೆಂಡತಿ ಫೋನು ಮಾಡಿ ಅತ್ತಳು. ಮೇಡಂ ಫೋನು ಹಿಡಿದುಕೊಂಡೇ ಕೂತುಬಿಟ್ಟರು. ಸಂಜೆಯ ಬಸ್ಸಿಗೆ ಆತ ವಾಪಸು ಬಂದ. ಅಪ್ಪನನ್ನು ಹುಡುಕಲು ಹೋಗಿದ್ದ. ಬಹಳ ದೂರ ಹೋಗಬೇಕಾಗಲಿಲ್ಲ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಹಿಂದೆ, ಒಂದು ಇಟ್ಟಿಗೆ ಗೂಡಿನಲ್ಲಿ ಕಾವಲು ಕಾಯುತ್ತ, ಅಲ್ಲೇ ಒಂದು ಶೀಟಿನ ಮನೆಯಲ್ಲಿ ಅವರಿದ್ದರು. ಇಷ್ಟು ವರ್ಷ, ಮುಂದಿನ ರಸ್ತೆಯಲ್ಲಿ ಕವಲಂದೆ ಬಸ್ಸು ಹೋಗುವುದನ್ನು ನೋಡಿಕೊಂಡು. ನಿಮ್ಮವ್ವ ಕರೆದರೆ ಬರುತ್ತೇನೆ ಅಂದರಂತೆ. ತಾಯಿ ಕರೆಯಲಿಲ್ಲ. ಆದರೆ ಆಮೇಲೆ ಆತ ತಿಂಗಳಿಗೊಮ್ಮೆ ಹೋಗಿ ಬರುವಾಗಲೆಲ್ಲ ‘ಪೇಟೆಗಾ?’ ಎಂದು ಕೇಳಿ, ಹೌದು ಅಂದರೆ ಕ್ಯಾರಿಯರಿನಲ್ಲಿ ಒಬ್ಬರು ತಿನ್ನುವುದಕ್ಕಿಂತ ಹೆಚ್ಚು ಮುದ್ದೆ ಇಟ್ಟು ಕೊಡುತ್ತಿದ್ದರಂತೆ.

ನನ್ನನ್ನು ಈಗಲೂ ಕಾಡುವುದು ಒಂದೇ. ದಿನಚರಿಯಲ್ಲಿ, ನಾವೆಲ್ಲ ಹೋದದ್ದಕ್ಕೆ ಹಿಂದಿನ ಗುರುವಾರದ ಪುಟದಲ್ಲಿ ಹೀಗಿದೆ: ‘ಮೇಡಂ ಒಂದು ಚಿಪ್ಪು ಬಾಳೆಹಣ್ಣು ಕೊಂಡರು. ಊಟದ ಹೊತ್ತಿನಲ್ಲಿ ಒಬ್ಬರೇ ಎಲ್ಲಿಗೋ ಹೋಗಿ ಬಂದರು.’ ಎಲ್ಲಿಗೆ ಎಂದು ನಾನು ಕೇಳಿರಲಿಲ್ಲ. ಅಜ್ಜಿ ಹೇಳಿದ್ದೆಲ್ಲ ಅಜ್ಜಿಯ ನೆನಪೋ, ಅದರಲ್ಲಿ ಸ್ವಲ್ಪ ಬಾಳೆಹಣ್ಣಿನ ಪಾಲೂ ಇತ್ತೋ? ಕಣ್ಣು ಮಂಜಾದ ಅಜ್ಜಿ ಆತನಿಗಿಂತ ತಾತ ಎಳೆಯನೆಂದು ಕೆನ್ನೆ ಮುಟ್ಟಿ ಹೇಳಿದ್ದು ಸ್ವಲ್ಪ ಅನುಕೂಲಕ್ಕೆ ಸರಿಯಾಗಿಯೇ ಇತ್ತಲ್ಲ? ಬಹಳ ದಿನದ ಮೇಲೆ ಧೈರ್ಯ ಮಾಡಿ ಮೇಡಂ ಅವರನ್ನೇ ಕೇಳಿದೆ. ಅವರು ಪೆನ್ಸಿಲ್ ಹೆರೆಯುತ್ತಿದ್ದರು.

‘ಆಯಮ್ಮ ಹೇಳಿದ್ದು ಸುಳ್ಳಾಗಿದ್ರೆ, ಬಸ್ ಸ್ಟ್ಯಾಂಡಿನಲ್ಲಿ ಈಯಮ್ಮ ಹೇಳಿದ್ದು ಹೇಗಯ್ಯ ನಿಜವಾಯ್ತು?’

ಅದು ಉತ್ತರವಲ್ಲ ಎಂದು ನನಗೆ ಮೆಟ್ಟಲು ಇಳಿಯುವಾಗ ಹೊಳೆಯಿತು. ಮತ್ತೆ ಹತ್ತಿ ಹೋಗಿ ಕೇಳಲಿಲ್ಲ.

ಆ ಮೆಟ್ಟಲುಗಳೇ ಕೊನೆಗೆ ಅವರ ಮಂಡಿಯನ್ನು ಸೋಲಿಸಿದವು. ಕೋಣೆ ಖಾಲಿ ಮಾಡಿದರು. ಅದಕ್ಕೇ ಈ ಬೀಳ್ಕೊಡುಗೆ, ಪೇಟ, ಹಣ್ಣಿನ ಬುಟ್ಟಿ.

ಭಾಷಣಗಳು ನಡೆಯುವಾಗ ಆತ ಹಿಂದಿನ ಸಾಲಿನಲ್ಲಿದ್ದ. ತನ್ನದೇ ಕಥೆಯನ್ನು ಬೇರೆ ಯಾರದೋ ಎನ್ನುವಂತೆ, ಸ್ವಲ್ಪ ಕುತೂಹಲದಿಂದಲೇ ಕೇಳುತ್ತ ಕೂತಿದ್ದ. ಮೀಸೆ ಅರ್ಧ ಹಣ್ಣಾಗಿದೆ. ಎಲ್ಲ ಮುಗಿದು ಜನ ಉಪ್ಪಿಟ್ಟಿನ ಕಡೆ ಹೋದಮೇಲೆ ಹತ್ತಿರ ಬಂದು ಮೇಡಂ ಕಾಲು ಮುಟ್ಟಿದ. ಕೈಯಲ್ಲಿ ಕ್ಯಾರಿಯರ್ ಇತ್ತು. ಇಲ್ಲಿಂದ ನೇರ ಅಪ್ಪನ ಹತ್ತಿರ ಹೋಗಬೇಕಂತೆ.

‘ಅಮ್ಮ ಇನ್ನೂ ಪೇಟೆಗಾ ಅಂತಲೇ ಕೇಳ್ತಾರಾ?’ ಅಂದರು ಮೇಡಂ.

‘ಅದ ಕೇಳದ ಬುಟ್ಟವ್ರೆ ಮೇಡಮ್ನೋರೆ. ಇವತ್ತು ಬೆಳಿಗ್ಗೆ, ಹಲ್ಲಿಲ್ಲ ಅವ್ರಿಗೆ, ಮುದ್ದೆ ಮೆತ್ತಗ್ ಮಾಡಿವ್ನಿ ಅಂತ ಹೇಳು ಅಂದ್ರು.’ ಆಮೇಲೆ ಸೇರಿಸಿದ: ‘ಅಪ್ಪನ್ ಹಲ್ಲು ಬಿದ್ದೋಗಿರದ ನಾನು ಹೇಳೇ ಇರ್ನಿಲ್ಲ. ಯಾವಾಗ್ ಹೋಗಿ ನೋಡ್ಕ ಬಂದ್ರೋ.’

ಮೇಡಂ ಪೇಟ ತೆಗೆದು ಕನ್ನಡಕ ಒರೆಸಿಕೊಂಡರು.

ಆತ ಬಂದದ್ದು ಇದನ್ನು ಹೇಳುವುದಕ್ಕಲ್ಲ. ಮಗಳ ಓದು ಮುಗಿಯುತ್ತ ಬಂದಿದೆ. ನರಸೀಪುರದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯವನಂತೆ, ಜಾತಕವೂ ಕೂಡಿದೆ. ‘ಆದ್ರೂ ಹುಡುಗನ್ ಮನೇದು ಒಂದ್ ಚೌಕ ಬರ್ದು ನೋಡ್ಬುಡಿ ಮೇಡಮ್ನೋರೆ. ಜಾತಕಕ್ಕಿಂತ ನಿಮ್ದೇ ನಂಬಿಕೆ ನಮ್ಗೆ.’

ನಾನು ಮೇಡಂ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

‘ಅಂಗಡಿ ಮುಚ್ಚಿದೆ ಕಣಪ್ಪ’ ಅಂದರು. ‘ನೀನೇ ಅವರ ಮನೆಗೆ ಹೋಗು. ನಿಮ್ಮಲ್ಲಿ ಯಾರಾದ್ರೂ ಮನೆ ಬಿಟ್ಟು ಹೋಗಿದಾರಾ ಅಂತ ಕೇಳು. ಹೂಂ ಅಂದ್ರೆ, ಬಾಗಿಲು ಹಾಕಿದ್ದು ಯಾರು ಅಂತ ಕೇಳು.’

ಆತ ಕ್ಯಾರಿಯರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಯೋಚಿಸಿದ.

‘ಹಂಗ್ ಕೇಳುದ್ರೆ ಸಂಬಂಧ ನಿಂತೋಗಲ್ವಾ ಮೇಡಮ್ನೋರೆ?’

‘ಊಟ ಆದಮೇಲೆ ಕೇಳು’ ಅಂದರು.